ಏರ್ ರೈಫಲ್ಲಿಗೊಂದು ಅಗ್ಗದ ಸ್ಕೋಪು: ಇಪ್ಪತ್ತು ಮೀಟರಿನ ಲೆಕ್ಕ

ಸ್ಕೋಪನ್ನು, ಅಂದರೆ ಗುರಿ ನೋಡಲು ಕೋವಿಯ ಬೆನ್ನಿಗೆ ಕೂರಿಸುವ ದುರ್ಬೀನನ್ನು, ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗಿನಿಂದ ಒಣಗಿದ ಹುಣಸೆಕಾಯಿಯ ಸದ್ದು ಬರುತ್ತಿತ್ತು. ಕೊಂಡು ಮೂರು ವಾರವಾಗಿತ್ತು. ಹಾರಿಸಿದ ಪೆಲೆಟ್ (ಸೀಸದ ಪುಟ್ಟ ಗುಂಡು) ಇನ್ನೂರು ದಾಟಿರಲಿಲ್ಲ. ಕಣ್ಣಿಟ್ಟು ನೋಡಿದರೆ ಗುರಿ ಹಿಡಿಯಲು ಒಳಗಿರುವ ಅಡ್ಡಗೆರೆ (ಒಂದನ್ನೊಂದು ದಾಟುವ ಎರಡು ಗೆರೆ) ಗಾಳಿಗೆ ವಾಲಿದ ಬೇಲಿಗೂಟದಂತೆ ಓರೆಯಾಗಿ ನಿಂತಿತ್ತು. ಅದಕ್ಕೆ 3,200 ರೂಪಾಯಿ ಕೊಟ್ಟಿದ್ದೆ. ಡಬ್ಬಿಯ ಮೇಲೆ 3–9×40 (ಹಿಗ್ಗುವಿಕೆ ಮೂರರಿಂದ ಒಂಬತ್ತು ಪಟ್ಟು, ಮುಂದಿನ ಮಸೂರದ ಅಗಲ 40 ಮಿ.ಮೀ.) ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು, ಪಕ್ಕದಲ್ಲಿ ಕೊಂಬೆಯ ಮೇಲೆ ಕುಳಿತ ಒಂದು ಅಳಿಲಿನ ಚಿತ್ರವಿತ್ತು. ಮಾರಿದವರ ಬಳಿ ತೆಗೆದುಕೊಂಡು ಹೋದಾಗ, "ಕೋವಿ ಜೋರಾಗಿದೆ ಸಾರ್, ಸ್ಕೋಪಿನ ತಪ್ಪಲ್ಲ" ಎಂದು ಕೈ ಚೆಲ್ಲಿದರು. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು.

ಮೊದಲು ಕೋವಿಯ ವಿಷಯ ಹೇಳಿಬಿಡುತ್ತೇನೆ. ನಾನು ಮೈಸೂರಿನಲ್ಲಿ ಕೆಲಸ ಮಾಡುವವನು, ಶನಿವಾರ ಸಂಜೆ ಪಾಂಡವಪುರದ ಕಡೆಯ ನಮ್ಮೂರಿಗೆ ಹೋಗುತ್ತೇನೆ. ಮನೆಯ ಹಿಂದೆ ನಿಂತುಹೋದ ಆಲೆಮನೆಯೊಂದಿದೆ. ಅದರ ಹಿಂಗೋಡೆಯಿಂದ ಕೊಟ್ಟಿಗೆಯ ಬಾಗಿಲಿಗೆ ಟೇಪು ಹಿಡಿದರೆ ಸರಿಯಾಗಿ 31 ಮೀಟರ್. ನನ್ನ ಕೋವಿ ನಳಿಗೆ ಮಡಿಸಿ ಸ್ಪ್ರಿಂಗ್ ಏರಿಸುವ, ಪಾಯಿಂಟ್ ಒನ್ ಸೆವೆನ್ ಸೆವೆನ್ ಅಂದರೆ 4.5 ಮಿ.ಮೀ. ಅಳತೆಯ ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆಯ, 20 ಜೂಲ್ ಶಕ್ತಿಯೊಳಗಿನ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲ. ಜತೆಗೆ ಬಂದ ಚೀಟಿಯಲ್ಲಿ ಸೆಕೆಂಡಿಗೆ 200 ಮೀಟರ್ ವೇಗ ಎಂದು ಬರೆದಿದೆ. ಅರ್ಧ ಗ್ರಾಮಿಗಿಂತ ಕೊಂಚ ಹೆಚ್ಚು ತೂಗುವ ಪೆಲೆಟ್ಟಿಗೆ ಲೆಕ್ಕ ಹಾಕಿದರೆ 11 ಜೂಲ್ ಆಸುಪಾಸು ಬರುತ್ತದೆ.

ಹೊಡೆಯುವುದು ಯಾವುದಕ್ಕೆ? ನೀರಿನ ಬಾಟಲಿಯ ಮುಚ್ಚಳಕ್ಕೆ, ದಾರದಲ್ಲಿ ನೇತುಹಾಕಿದ ಬಿಸ್ಕತ್ತಿಗೆ, ಕಾಗದದ ಗುರಿಗೆ. ಸ್ಕೋಪಿನ ಡಬ್ಬಿಗಳ ಮೇಲೆಲ್ಲ ಅಳಿಲು, ಮೊಲಗಳ ಚಿತ್ರ ಇರುವುದಕ್ಕೆ ಕಾರಣ ಇವು ತಯಾರಾಗುವುದು ಸಣ್ಣ ಬೇಟೆ ಇನ್ನೂ ಕಾನೂನುಬದ್ಧವಾಗಿರುವ ದೇಶಗಳ ಗಿರಾಕಿಗಳಿಗಾಗಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರ ತಿದ್ದುಪಡಿ ಬಂದ ಮೇಲೆ ಆ ಕಥೆ ಮುಗಿಯಿತು. ಮಹಾರಾಜರು ಹೊಡೆದ ಹುಲಿಗಳಿಗೆ ಹುಲ್ಲು ತುಂಬಿ ಜಗತ್ತಿಗೆಲ್ಲ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯೇ ಬಾಗಿಲು ಹಾಕಿ ಕಾಲು ಶತಮಾನವಾಯಿತು. ಆದರೂ ಪಕ್ಕದ ಹೊಲದವರು ನನ್ನ ಕೈಯಲ್ಲಿ ಕೋವಿ ಕಂಡಾಗಲೆಲ್ಲ ಬೇಲಿಯ ಆಚೆಯಿಂದ "ನವಿಲಿಗೋ?" ಎನ್ನುತ್ತಾರೆ. ನವಿಲು ಅವರ ಅವರೆಕಾಯಿ, ಟೊಮೆಟೊ ತಿಂದು ಹಾಳುಮಾಡುವುದು ನಿಜ. ಆದರೆ ರಾಷ್ಟ್ರಪಕ್ಷಿಗೆ ಹೊಡೆದು ಜೈಲು ನೋಡುವ ಆಸೆ ನನಗಿಲ್ಲ, ಮುಚ್ಚಳಕ್ಕೆ ಹೊಡೆಯುವ ಆಸೆಯೇ ಸಾಕಷ್ಟು ಖರ್ಚಿನದು.

ಕೆಟ್ಟ ಸ್ಕೋಪನ್ನು ಎಸೆಯುವ ಮೊದಲು ಬಿಚ್ಚಿದೆ. ದೇವರಾಜ ಮಾರುಕಟ್ಟೆಯ ಹತ್ತಿರ ಗಡಿಯಾರ ರಿಪೇರಿ ಮಾಡುವ ಪರಿಚಯದವರೊಬ್ಬರಿದ್ದಾರೆ. ಮಸೂರ ಹಿಡಿದಿರುವ ತೆಳು ಉಂಗುರದಲ್ಲಿ ಎದುರುಬದುರು ಎರಡು ಕಚ್ಚುಗಳಿರುತ್ತವೆ. ಕೈವಾರದಂಥ ಎರಡು ಮೊನೆಯ ಉಪಕರಣವನ್ನು ಅವುಗಳಲ್ಲಿ ಕೂರಿಸಿ ತಿರುಗಿಸಿದರೆ ಉಂಗುರ ಬರುತ್ತದೆ. ದೊಡ್ಡ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ. ತಲೆಕೆಳಗಾದ ಬಿಂಬವನ್ನು ನೇರ ಮಾಡುವ ಮಸೂರಗಳು ಇರುವುದು ಅದರಲ್ಲಿ. ಅದು ಹಿಂದಿನ ತುದಿಯಲ್ಲಿ ಕೀಲಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ತುದಿಯನ್ನು ಒಂದು ಕಡೆಯಿಂದ ಎಲೆಯಂಥ ಸ್ಪ್ರಿಂಗ್ ಒತ್ತುತ್ತದೆ, ಎದುರಿನಿಂದ ಮೇಲಿನ ಮತ್ತು ಪಕ್ಕದ ತಿರುಪುಗಳು ತಡೆಯುತ್ತವೆ. ಗುರಿ ಹೊಂದಿಸಲು ನಾವು ಟಿಕ್ ಟಿಕ್ ಎಂದು ತಿರುಗಿಸುವುದು ಈ ತಿರುಪುಗಳನ್ನೇ. ನನ್ನ ಸ್ಕೋಪಿನಲ್ಲಿ ಅಡ್ಡಗೆರೆಯ ಬಿಲ್ಲೆ ಹಿಡಿದಿದ್ದ ಉಂಗುರ ಪೂರ್ತಿ ಸಡಿಲವಾಗಿ ಕೊಳವೆಯೊಳಗೆ ಉರುಳಾಡುತ್ತಿತ್ತು. ಅದನ್ನು ಕಚ್ಚಿ ಹಿಡಿಯಬೇಕಾಗಿದ್ದ ಅಂಟು ಒಂದೇ ಒಂದು ಚುಕ್ಕೆಯಷ್ಟಿತ್ತು. ಗಡಿಯಾರದವರು ತಮ್ಮ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ, "ಇದು ಆಟದ ಸಾಮಾನು" ಎಂದರು.

ಕೋವಿ ಜೋರು ಎಂದದ್ದರಲ್ಲಿ ಅರ್ಧ ನಿಜ ಇರುವುದು ಇಲ್ಲಿ. ಮದ್ದಿನ ಬಂದೂಕು ಹಾರಿದಾಗ ಒಂದೇ ದಿಕ್ಕಿಗೆ, ಹಿಂದಕ್ಕೆ ಒದೆಯುತ್ತದೆ. ಸ್ಕೋಪಿನ ಮಸೂರಗಳನ್ನು ಆ ಒದೆತಕ್ಕೆ ಸಿದ್ಧ ಮಾಡಿ ಕೂರಿಸಿರುತ್ತಾರೆ. ಸ್ಪ್ರಿಂಗಿನ ಏರ್ ರೈಫಲ್ ಹಾಗಲ್ಲ. ಕುದುರೆ ಎಳೆದ ಕೂಡಲೇ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ಕೋವಿ ಹಿಂದಕ್ಕೆ ಸರಿಯುತ್ತದೆ. ಮರುಕ್ಷಣವೇ ಪಿಸ್ಟನ್ ಕೊಳವೆಯ ಕೊನೆಗೆ ಬಂದು ಅಪ್ಪಳಿಸುತ್ತದೆ, ಕೋವಿ ಮುಂದಕ್ಕೆ ಜಗ್ಗುತ್ತದೆ. ಭುಜಕ್ಕೆ ಏನೂ ಗೊತ್ತಾಗುವುದಿಲ್ಲ, ಮಸೂರಕ್ಕೆ ಗೊತ್ತಾಗುತ್ತದೆ. ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳುವ ಸ್ಕೋಪು ಈ ಪುಟ್ಟ ಕೋವಿಯ ಮೇಲೆ ಸತ್ತುಹೋಗುವುದು ಹೀಗೆ. ಇದನ್ನು ಕೊಳ್ಳುವ ಮೊದಲು ತಿಳಿದಿದ್ದರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇದು ಸ್ಪ್ರಿಂಗ್ ಏರ್ ರೈಫಲ್ಲಿಗೆಂದೇ ಮಾಡಿದ್ದೇ? ಡಬ್ಬಿಯ ಮೇಲೆ ಆ ಮಾತು ಅಚ್ಚಾಗಿಲ್ಲದಿದ್ದರೆ ಅಂಗಡಿಯವರ ಬಾಯಿಮಾತಿಗೆ ಬೆಲೆಯಿಲ್ಲ.

ಎರಡನೆಯ ಸಲ ಕೊಳ್ಳಲು ಹೊರಟಾಗ ಗೆಳೆಯರೆಲ್ಲ ಹೇಳಿದ್ದು ಒಂದೇ: "ಜೂಮ್ ಜಾಸ್ತಿ ಇರುವುದನ್ನು ತೆಗೆದುಕೋ." ನಾನು ತದ್ವಿರುದ್ಧವಾಗಿ ಹೋದೆ. ಇಪ್ಪತ್ತು ಮೀಟರಿನಲ್ಲಿ ಬಾಟಲಿಯ ಮುಚ್ಚಳವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಐದು ಮೀಟರಿನಲ್ಲಿ ಇಟ್ಟಂತೆ ಕಾಣುತ್ತದೆ. ಇನ್ನೆಷ್ಟು ಬೇಕು? ಒಂಬತ್ತು ಪಟ್ಟಿಗೆ ಏರಿಸಿದರೆ ದೊಡ್ಡದಾಗಿ ಕಾಣುವುದು ಮುಚ್ಚಳಕ್ಕಿಂತ ಹೆಚ್ಚಾಗಿ ನನ್ನ ಎದೆಬಡಿತ. ಬೆಳಕಿನ ಲೆಕ್ಕವೂ ಇದೆ. ಮುಂದಿನ ಮಸೂರದ ಅಗಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಳತೆ ಸಿಗುತ್ತದೆ. 40ನ್ನು 9ರಿಂದ ಭಾಗಿಸಿದರೆ 4.4 ಮಿ.ಮೀ., 32ನ್ನು 4ರಿಂದ ಭಾಗಿಸಿದರೆ 8 ಮಿ.ಮೀ. ಸಂಜೆ ಆರರ ಮೇಲೆ ಕೊಟ್ಟಿಗೆಯ ನೆರಳಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಕಣ್ಣನ್ನು ಸರಿಯಾದ ಜಾಗಕ್ಕೆ ತರುವುದೂ ಸಲೀಸು. ಮಿಗಿಲಾಗಿ, ಜೂಮ್ ಇಲ್ಲದ ಸ್ಕೋಪಿನಲ್ಲಿ ಓಡಾಡುವ ಭಾಗಗಳು ಕಡಿಮೆ. ಅಷ್ಟೇ ದುಡ್ಡಿಗೆ ಕೆಡುವ ಜಾಗಗಳು ಕಡಿಮೆ ಎಂದರೆ ಅಷ್ಟರ ಮಟ್ಟಿಗೆ ಲಾಭ.

ಹಾಗೆ ಬಂದದ್ದು 1,650 ರೂಪಾಯಿಯ 4×32. ಸ್ಪ್ರಿಂಗ್ ಕೋವಿಗೆ ಆಗುತ್ತದೆ ಎಂದು ಡಬ್ಬಿಯ ಮೇಲೇ ಇತ್ತು. ಇಲ್ಲದ್ದು ಒಂದೇ, ಮುಂದಿನ ಮಸೂರವನ್ನು ದೂರಕ್ಕೆ ತಕ್ಕಂತೆ ತಿರುಗಿಸುವ ಉಂಗುರ. ಅದು ಇರುವ ಸ್ಕೋಪು ಬೇಕೆಂದರೆ ನಾನು ವಿಚಾರಿಸಿದ ಕಡೆಯೆಲ್ಲ ಆರು ಸಾವಿರದ ಮೇಲೆ. ದುಡ್ಡಿದ್ದವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಲಿ. ಉಳಿದವರಿಗಾಗಿ ಇಲ್ಲಿಂದ ಮುಂದಿನ ಕೆಲಸ.

ಆ ಉಂಗುರ ಯಾಕೆ ಬೇಕು ಎನ್ನುವುದು ಬಸ್ಸಿನಲ್ಲಿ ಚಾಲಕರ ಪಕ್ಕದ ಸೀಟಿನಲ್ಲಿ ಕುಳಿತವರಿಗೆ ಗೊತ್ತು. ಚಾಲಕರಿಗೆ 60 ತೋರುವ ವೇಗದ ಮುಳ್ಳು ಪಕ್ಕದಿಂದ ನೋಡುವವರಿಗೆ 65 ತೋರುತ್ತದೆ, ಏಕೆಂದರೆ ಮುಳ್ಳು ಮತ್ತು ಅಂಕಿ ಒಂದೇ ಮಟ್ಟದಲ್ಲಿಲ್ಲ. ಸ್ಕೋಪಿನೊಳಗೆ ಗುರಿಯ ಬಿಂಬ ಮತ್ತು ಅಡ್ಡಗೆರೆ ಒಂದೇ ಮಟ್ಟದಲ್ಲಿ ಬೀಳದಿದ್ದರೆ ಇದೇ ಆಗುತ್ತದೆ. ಕೆನ್ನೆ ಒಂದಿಷ್ಟು ಆಚೀಚೆ ಆದರೆ ಗೆರೆ ಗುರಿಯ ಮೇಲೆ ಜಾರುತ್ತದೆ. ಪ್ಯಾರಲಾಕ್ಸ್ ಎನ್ನುವುದು ಇದನ್ನೇ. ದೊಡ್ಡ ಬಂದೂಕಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅಳಿಲು, ಮೊಲದ ಬೇಟೆಯ ಪಾಯಿಂಟ್ ಟೂ ಟೂ ರೈಫಲ್ಲಿನದ್ದಾದರೆ 50 ಗಜಕ್ಕೆ. ನನ್ನ ಹೊಸ ಸ್ಕೋಪಿನ ಕಾಗದದಲ್ಲಿ 100 ಗಜ ಎಂದಿತ್ತು, ಅಂದರೆ 91 ಮೀಟರ್. ಹಳೆಯ ಹಾಲಿನ ಡೈರಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. ಮಸೂರದ ಅರ್ಧ ಅಗಲ 16 ಮಿ.ಮೀ.; ಹೊಂದಿಸಿದ ದೂರ 91, ಗುರಿಯ ದೂರ 20, ನಡುವಿನ ವ್ಯತ್ಯಾಸ 71. 16ನ್ನು 71ರಿಂದ ಗುಣಿಸಿ 91ರಿಂದ ಭಾಗಿಸಿದರೆ ಹನ್ನೆರಡೂವರೆ ಮಿ.ಮೀ. ಕಣ್ಣು ಪೂರ್ತಿ ಅಂಚಿಗೆ ಸರಿದರೆ ಗುರಿ ಅಷ್ಟು ತಪ್ಪಬಹುದು. ಮುಚ್ಚಳದ ಅರ್ಧ ಅಗಲ ಹದಿನೈದು. ಕೈಯ ತಪ್ಪಿಗೆ, ಗಾಳಿಯ ತಪ್ಪಿಗೆ ಉಳಿದದ್ದು ಎರಡೂವರೆ.

ಬಿಚ್ಚುವ ಧೈರ್ಯ ಇಲ್ಲದವರಿಗೆ ಪುಕ್ಕಟೆ ಉಪಾಯ ಒಂದಿದೆ. ಸ್ಕೋಪಿನ ಮುಂದಿನ ಮಸೂರದ ಮುಚ್ಚಳದ ನಡುವೆ 16 ಮಿ.ಮೀ. ತೂತು ಕೊರೆದು ಹಾಕಿಕೊಂಡರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಬೆಳಕು ಕಡಿಮೆಯಾಗುತ್ತದೆ, ಆದರೆ ಹಗಲಿನಲ್ಲಿ ತೊಂದರೆಯಿಲ್ಲ. ನಾನು ಒಂದು ವಾರ ಮದುವೆ ಕರೆಯೋಲೆಯ ದಪ್ಪ ಕಾಗದ ಕತ್ತರಿಸಿ ಹೀಗೆಯೇ ನಡೆಸಿದೆ.

ಆಮೇಲೆ ಬಿಚ್ಚಿದೆ. ಮಾರ್ಚ್ ತಿಂಗಳ ನಡುಮಧ್ಯಾಹ್ನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಳಗೆ ತೇವ ಬರದಿರಲೆಂದು ಕಾರ್ಖಾನೆಯಲ್ಲಿ ತುಂಬಿದ ನೈಟ್ರೋಜನ್ ಮಸೂರ ಸಡಿಲಿಸಿದ ಕೂಡಲೇ ಹೋಗಿಬಿಡುತ್ತದೆ, ಆ ಜಾಗಕ್ಕೆ ನಮ್ಮೂರ ಗಾಳಿ ಸೇರುತ್ತದೆ. ಸೇರುವುದಾದರೆ ಒಣಗಾಳಿಯೇ ಸೇರಲಿ. ಹಿಂದಿನ ರಾತ್ರಿ ಸ್ಕೋಪನ್ನು ಸ್ಟೀಲಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಟ್ಟಿದ್ದೆ. "ಅಕ್ಕಿ ಡಬ್ಬಿಯೇ ಬೇಕಿತ್ತೇ?" ಎಂದು ಅಮ್ಮ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೋವಿಯನ್ನು ಎರಡು ಮರಳಿನ ಚೀಲಗಳ ಮೇಲೆ ಅಲುಗದಂತೆ ಕೂರಿಸಿ, 20 ಮೀಟರಿನಲ್ಲಿಟ್ಟ ಕಾಗದದ ಚುಕ್ಕೆಯತ್ತ ತಿರುಗಿಸಿದೆ. ಮೊದಲು ಕಣ್ಣಿನ ಕಡೆಯ ಮಸೂರ. ಬರಿಯ ಆಕಾಶ ನೋಡುತ್ತ, ಕಣ್ಣು ಇಟ್ಟ ಕ್ಷಣವೇ ಅಡ್ಡಗೆರೆ ಕಪ್ಪಗೆ ಚೂಪಾಗಿ ಕಾಣುವ ತನಕ ಅದನ್ನು ತಿರುಗಿಸಬೇಕು. ಹೆಚ್ಚು ಹೊತ್ತು ದಿಟ್ಟಿಸಿದರೆ ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ. ಇದನ್ನು ಬಿಟ್ಟು ಮುಂದಕ್ಕೆ ಹೋದರೆ ಉಳಿದ ಕೆಲಸವೆಲ್ಲ ದಂಡ. ಆಮೇಲೆ ಕೋವಿ ಮುಟ್ಟದೆ ತಲೆಯನ್ನು ಮಾತ್ರ ಎಡಬಲಕ್ಕೆ ಸರಿಸಿ ನೋಡಿದೆ. ಕಣ್ಣು ಹೋದ ಕಡೆಗೇ ಗೆರೆಯೂ ಓಡಿತು. ಅಂದರೆ ಸ್ಕೋಪು ದೂರಕ್ಕೆ ಹೊಂದಿಕೊಂಡಿದೆ, ಹತ್ತಿರಕ್ಕೆ ತರಬೇಕು. ಗೆರೆ ಎದುರು ದಿಕ್ಕಿಗೆ ಓಡಿದ್ದರೆ ಅದರ ತಿರುಗುಮುರುಗು.

ಮುಂದಿನ ತುದಿಯ ಅಲಂಕಾರದ ಉಂಗುರ ಕೈಯಲ್ಲೇ ಬಂತು. ಅದರ ಒಳಗೆ ಮಸೂರದ ಉಂಗುರ, ಅದೇ ಎರಡು ಕಚ್ಚು. ಗಡಿಯಾರದವರಿಂದ ಕೇಳಿ ತಂದಿದ್ದ ಉಪಕರಣ ಮೊದಲ ಸಲ ಜಾರಿ ಮಸೂರದ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು ಬಿತ್ತು. ಕಣ್ಣಿಗೆ ಕಾಣುವುದಿಲ್ಲ, ಮನಸ್ಸಿಗೆ ಕಾಣುತ್ತದೆ. ಎರಡನೆಯ ಸಲ ಮಸೂರದ ಮೇಲೆ ಬಟ್ಟೆ ಹಾಸಿಕೊಂಡೆ. ಎಡಕ್ಕೆ ತಿರುಗಿಸಿದಂತೆ ಮಸೂರ ಹೊರಗೆ ಬರುತ್ತದೆ, ಹೊಂದಿದ ದೂರ ಹತ್ತಿರಕ್ಕೆ ಸರಿಯುತ್ತದೆ. ಕಾಲು ಸುತ್ತು ತಿರುಗಿಸಿದೆ, ತಲೆ ಆಡಿಸಿ ನೋಡಿದೆ. ಇನ್ನೂ ಓಡುತ್ತಿತ್ತು. ಇನ್ನೊಂದು ಕಾಲು. ಓಟ ಕಡಿಮೆಯಾಯಿತು. ಮುಕ್ಕಾಲು ಸುತ್ತಿಗೆ ಬಂದಾಗ ಚುಕ್ಕೆಯ ಮೇಲೆ ಗೆರೆ ಅಚ್ಚು ಹೊಡೆದಂತೆ ನಿಂತುಬಿಟ್ಟಿತು. ತಲೆ ಎಷ್ಟು ಆಡಿಸಿದರೂ ಕದಲಲಿಲ್ಲ. ಮಸೂರ ಮುಂದೆ ಬಂದದ್ದು ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಅಷ್ಟಕ್ಕೆ 91 ಮೀಟರ್ ಇದ್ದದ್ದು 20ಕ್ಕೆ ಇಳಿದಿತ್ತು. ಉಂಗುರದ ಅಂಚಿಗೆ ಎರಡು ಕಡೆ ಉಗುರುಬಣ್ಣದ ಚುಕ್ಕೆ ಇಟ್ಟು ಬಿಗಿಮಾಡಿದೆ.

ಸ್ಕೋಪು ಮುಗಿಯಿತು, ಕಷ್ಟ ಶುರುವಾಯಿತು. ಕೋವಿಯ ಬೆನ್ನ ಮೇಲೆ 11 ಮಿ.ಮೀ. ಅಂತರದಲ್ಲಿ ಎರಡು ಗೀಟುಗಳಿವೆ, ಸ್ಕೋಪಿನ ಹಿಡಿಕೆ ಕಚ್ಚುವುದು ಅವಕ್ಕೆ. ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಹಿಡಿಕೆಗಳು 21 ಮಿ.ಮೀ. ಅಗಲದ ಪಟ್ಟಿಗೆ ಮಾಡಿದವು, ಅವನ್ನು ತಂದರೆ ವಾಪಸ್ ಹೋಗಬೇಕು. ಡಬ್ಬಿಯ ಜತೆ ಬಂದ ಎರಡು ಬಿಡಿ ಉಂಗುರಗಳನ್ನು ಪಕ್ಕಕ್ಕಿಟ್ಟು, 900 ರೂಪಾಯಿಯ ಒಂದೇ ತುಂಡಿನ ಹಿಡಿಕೆ ತಂದೆ. ಗೀಟುಗಳಲ್ಲಿದ್ದ ಎಣ್ಣೆಯನ್ನು ಸ್ಪಿರಿಟ್ ಹಾಕಿ ಒರೆಸಿ ಬಿಗಿಮಾಡಿದೆ. ಹಿಡಿಕೆಯ ಹಿಂದೆ ಪೆನ್ಸಿಲಿನ ಗೆರೆ ಎಳೆದಿದ್ದೆ. ಐವತ್ತು ಹೊಡೆತಕ್ಕೆ ಆ ಗೆರೆ ಹಿಡಿಕೆಯ ಅಡಿಗೆ ಹೋಗಿತ್ತು, ಹಿಡಿಕೆ ಒಂದೂವರೆ ಮಿ.ಮೀ. ಹಿಂದೆ ಸರಿದಿತ್ತು! ಮುಂದಕ್ಕೆ ಜಗ್ಗುವುದು ಕೋವಿ, ಇದ್ದಲ್ಲೇ ಉಳಿಯಲು ನೋಡುವುದು ಸ್ಕೋಪು. ಆದ್ದರಿಂದ ಇಂಥ ಕೋವಿಯಲ್ಲಿ ಸ್ಕೋಪು ಯಾವಾಗಲೂ ಹಿಂದಕ್ಕೆ, ಕಣ್ಣಿನ ಕಡೆಗೇ ತೆವಳುತ್ತದೆ.

ಕೆಲವು ಕೋವಿಗಳಲ್ಲಿ ಹಿಡಿಕೆಯ ಮೊಳೆ ಇಳಿಯಲೆಂದೇ ತೂತು ಇರುತ್ತದೆ. ನನ್ನದರಲ್ಲಿಲ್ಲ. ಕೊರೆಯುವ ಯೋಚನೆ ಬಂದರೂ ಕೆಳಗಿರುವುದು ಗಾಳಿ ಒತ್ತುವ ಕೊಳವೆ, ಅದರ ಗೋಡೆಗೆ ಡ್ರಿಲ್ ತಾಗಿಸುವುದು ಹುಚ್ಚುತನ. ಮಂಡ್ಯದ ಗುತ್ತಲು ರಸ್ತೆಯ ಕಡೆ ಲೇತ್ ಇಟ್ಟುಕೊಂಡವರೊಬ್ಬರ ಮುಂದೆ ಕೋವಿಯನ್ನಲ್ಲ, ಗೀಟಿನ ಅಳತೆ ಬರೆದ ಕಾಗದ ಮತ್ತು ಹಳೆಯ ಉಂಗುರ ಇಟ್ಟೆ. ಅವರು ಟ್ರ್ಯಾಕ್ಟರಿನ ಬುಷ್ ಕಡೆಯುವುದನ್ನು ನಿಲ್ಲಿಸಿ, ಉಂಗುರದ ಕೆಳಭಾಗವನ್ನಷ್ಟೇ ಕತ್ತರಿಸಿಕೊಂಡು, ಬೆರಳಿನ ಗೆಣ್ಣಿನಷ್ಟು ದಪ್ಪದ ಒಂದು ತಡೆಗಟ್ಟೆ ಮಾಡಿಕೊಟ್ಟರು. ಎರಡು ತಿರುಪು, 250 ರೂಪಾಯಿ. "ಇದು ಯಾವ ಪಂಪಿಗೆ?" ಎಂದು ಕೇಳಿದರು. ಅದನ್ನು ಹಿಡಿಕೆಯ ಹಿಂಬದಿಗೆ ಒತ್ತಿ ಕೂರಿಸಿ, ತಿರುಪುಗಳಿಗೆ ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದೊಂದು ಹನಿ ಬಿಟ್ಟೆ. ಕೆಂಪು ಬಣ್ಣದ್ದು ಬೇಡ, ಅದು ಕಾಯಿಸದೆ ಬಿಚ್ಚುವುದಿಲ್ಲ. ಪೆನ್ಸಿಲಿನ ಗೆರೆ ಅಂದಿನಿಂದ ಕದಲಿಲ್ಲ.

ಸ್ಕೋಪು ಹಿಡಿಯುವ ಉಂಗುರದ ತಿರುಪುಗಳನ್ನು ಮಾತ್ರ ಜೋರಾಗಿ ಬಿಗಿಯಬಾರದು. ಎಲ್ ಕೀಲಿಯ ಉದ್ದದ ತುದಿಯನ್ನು ತಿರುಪಿನಲ್ಲಿಟ್ಟು, ಗಿಡ್ಡ ತುದಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಬಿಗಿದರೆ ಸಾಕು. ಹೆಚ್ಚಾದರೆ ಕೊಳವೆ ಅಮುಕಿ ಒಳಗಿನ ಸಣ್ಣ ಕೊಳವೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಬಿಗಿಯುವ ಮೊದಲು ಅಡ್ಡಗೆರೆ ನೆಟ್ಟಗಿದೆಯೇ ನೋಡಲು ಆಲೆಮನೆಯ ತೊಲೆಯಿಂದ ಗಾರೆಯವರ ತೂಕದ ಗುಂಡನ್ನು ಇಳಿಬಿಟ್ಟೆ. ಅಡ್ಡಗೆರೆಯ ನಿಂತ ಗೆರೆ ಮತ್ತು ದಾರ ಒಂದಾಗುವ ತನಕ ಸ್ಕೋಪನ್ನು ಹೊರಳಿಸಿದೆ. ಕಣ್ಣಿನಿಂದ ಮಸೂರಕ್ಕೆ ನಾಲ್ಕು ಬೆರಳಿನಷ್ಟು, ಸುಮಾರು 80 ಮಿ.ಮೀ. ಅಂತರ.

ಗುರಿಯ ಹಿಂದೆ ತಡೆಗೆ ಹುತ್ತದ ಮಣ್ಣು ಚೆನ್ನ, ಆದರೆ ಹುತ್ತಕ್ಕೆ ಗುದ್ದಲಿ ಹಾಕಿದರೆ ಮನೆಯಲ್ಲಿ ಅನ್ನ ಸಿಗುವುದಿಲ್ಲ. ಕೆರೆಯ ಜೇಡಿಯನ್ನು ಮರದ ಪೆಟ್ಟಿಗೆಗೆ ಮೆತ್ತಿದೆ. ಸೀಸ ಅದರಲ್ಲಿ ಹೂತುಹೋಗುತ್ತದೆ, ಎಗರಿ ಬರುವುದಿಲ್ಲ, ಆಮೇಲೆ ಹೆಕ್ಕಿ ತೆಗೆಯಬಹುದು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕೂರುತ್ತೇನೆ.

ಮೊದಲು ತಿರುಪುಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಣಿಸಿ ಅರ್ಧಕ್ಕೆ ತಂದು ನಿಲ್ಲಿಸಿದೆ. ಕೊನೆಗೆ ಹೋದ ತಿರುಪಿನಲ್ಲಿ ಒಳಗಿನ ಸ್ಪ್ರಿಂಗಿನ ಒತ್ತು ಸರಿಯಾಗಿರುವುದಿಲ್ಲ, ಗುರಿ ದಿನಕ್ಕೊಂದು ಕಡೆ ಹೋಗುತ್ತದೆ. 20 ಮೀಟರಿನಲ್ಲಿ ಪೆಲೆಟ್ ಆರು ಸೆಂ.ಮೀ. ಕೆಳಗೆ ಬಿತ್ತು. ಮಡಿಸುವ ನಳಿಗೆಯ ಕೋವಿಗಳಲ್ಲಿ ನಳಿಗೆ ತುಸು ತಲೆ ತಗ್ಗಿಸಿರುವುದು ಸಾಮಾನ್ಯ. ಇದಕ್ಕೆ ಟಿಕ್ ತಿರುಗಿಸುತ್ತ ಕೂರುವುದಕ್ಕಿಂತ ಹಿಂದಿನ ಉಂಗುರದ ಅಡಿಗೆ ಹಾಳೆ ಕೊಡುವುದು ಮೇಲು. 20 ಮೀಟರಿಗೆ 6 ಸೆಂ.ಮೀ. ಎಂದರೆ ಸಾವಿರಕ್ಕೆ ಮೂರು ಪಾಲು. ಎರಡು ಉಂಗುರಗಳ ನಡುವಿನ ಅಂತರ 100 ಮಿ.ಮೀ., ಅದರ ಸಾವಿರಕ್ಕೆ ಮೂರು ಪಾಲು 0.3 ಮಿ.ಮೀ. ತಂಪುಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ಇರುತ್ತದೆ. ಕತ್ತರಿಯಲ್ಲಿ ಮೂರು ಪಟ್ಟಿ ಕತ್ತರಿಸಿ, ಅಂಚುಗಳನ್ನು ಉಜ್ಜಿ, ಒಂದರ ಮೇಲೊಂದು ಹಾಸಿದೆ. ಮುಂದಿನ ಪೆಲೆಟ್ ಒಂದು ಸೆಂ.ಮೀ. ಮಾತ್ರ ಕೆಳಗಿತ್ತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಆ ಪುಕ್ಕಟೆ ತಗಡು.

ಉಳಿದದ್ದು ಟಿಕ್ಕಿನ ಕೆಲಸ. ಟಿಕ್ಕಿಗೆ ಕಾಲು ಇಂಚು ಎಂದು ತಿರುಪಿನ ಮೇಲೆ ಬರೆದದ್ದು 100 ಗಜ ದೂರದ ಲೆಕ್ಕ. 20 ಮೀಟರಿನಲ್ಲಿ ಒಂದು ಟಿಕ್ ಎಂದರೆ 1.4 ಮಿ.ಮೀ. ಅಷ್ಟೇ. ನಾಲ್ಕು ಟಿಕ್ ತಿರುಗಿಸಿ ಒಂದು ಇಂಚು ಸರಿಯಲಿಲ್ಲವೆಂದು ಸ್ಕೋಪನ್ನು ಬೈಯುವವರನ್ನು ನೋಡಿದ್ದೇನೆ. ನಾನು ಏಳು ಟಿಕ್ ಏರಿಸಿ, ತಿರುಪಿನ ತಲೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಸಲ ತಟ್ಟಿ, ಎರಡು ಪೆಲೆಟ್ ಲೆಕ್ಕಕ್ಕಿಲ್ಲದೆ ಹಾರಿಸಿದೆ. ಅಗ್ಗದ ಸ್ಕೋಪಿನಲ್ಲಿ ಒಳಗಿನ ಕೊಳವೆ ಹೊಸ ಜಾಗಕ್ಕೆ ಕೂರಲು ಈ ಉಪಚಾರ ಬೇಕು.

ಆದರೂ ಐದು ಪೆಲೆಟ್ಟಿನ ಗುಂಪು 45 ಮಿ.ಮೀ. ಹರಡಿತು. ಮತ್ತೆ ಸ್ಕೋಪು ಕೆಟ್ಟಿತೇ ಎಂದು ಬಿಚ್ಚಲು ಕೈ ಹಾಕಿದ್ದೆ. ತಪ್ಪಿದ್ದದ್ದು ನಾನು ಕೋವಿಯ ಮುಂಭಾಗವನ್ನು ಇಟ್ಟಿಗೆಯ ಮೇಲೆ ನೇರವಾಗಿ ಊರಿದ್ದರಲ್ಲಿ. ಪೆಲೆಟ್ ನಳಿಗೆ ಬಿಡುವ ಮೊದಲೇ ಕೋವಿ ಸರಿದಾಡುವುದರಿಂದ ಗಟ್ಟಿ ಆಧಾರದ ಮೇಲೆ ಅದು ಪ್ರತಿ ಸಲ ಬೇರೆ ಬೇರೆ ರೀತಿ ಎಗರುತ್ತದೆ. ಇಟ್ಟಿಗೆಯ ಮೇಲೆ ಅಂಗೈ, ಅಂಗೈಯ ಮೇಲೆ ಕೋವಿ, ಹಿಡಿಯದೆ ಸುಮ್ಮನೆ ಮಲಗಿಸಿದಂತೆ. ಗುಂಪು 14 ಮಿ.ಮೀ.ಗೆ ಇಳಿಯಿತು.

ಆಮೇಲೆ ಚೌಕದ ಪರೀಕ್ಷೆ. ಬಲಕ್ಕೆ 20 ಟಿಕ್, ಮೇಲಕ್ಕೆ 20, ಎಡಕ್ಕೆ 20, ಕೆಳಕ್ಕೆ 20, ಪ್ರತಿ ಮೂಲೆಯಲ್ಲೂ ಮೂರು ಪೆಲೆಟ್. ಸ್ಕೋಪು ಸರಿಯಿದ್ದರೆ ಹೊರಟ ಜಾಗಕ್ಕೇ ಮರಳಬೇಕು. ನನ್ನದು 4 ಮಿ.ಮೀ. ಬಲಕ್ಕೆ ಉಳಿಯಿತು. ಎಡಕ್ಕೆ ತಿರುಗಿಸುವಾಗ ಅದಕ್ಕೆ ಎರಡು ಮೂರು ಟಿಕ್ ಸೋಮಾರಿತನವಿದೆ. ದಿನವೂ ತಿರುಪು ತಿರುಗಿಸುವವರಿಗೆ ಇದು ಆಗದು. ಒಮ್ಮೆ ಹೊಂದಿಸಿ ಮುಚ್ಚಳ ಹಾಕಿಬಿಡುವ ನನಗೆ ಸಾಕು. 20 ಮೀಟರಿಗೆ ಹೊಂದಿಸಿದ ಮೇಲೆ 15ರಲ್ಲಿ ವ್ಯತ್ಯಾಸವೇ ಇಲ್ಲ. 10ರಲ್ಲಿ ಅರ್ಧ ಸೆಂ.ಮೀ. ಕೆಳಗೆ, 25ರಲ್ಲಿ ಒಂದು ಸೆಂ.ಮೀ. ಕೆಳಗೆ, 30ರಲ್ಲಿ ಮೂರು. ಈ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ಹಿಡಿಯ ಪಕ್ಕಕ್ಕೆ ಅಂಟಿಸಿದ್ದೇನೆ.

ಥ್ರೆಡ್ ಲಾಕರಿನ 180 ಸೇರಿ ಒಟ್ಟು ಖರ್ಚು 2,980 ರೂಪಾಯಿ, ಸತ್ತ ಸ್ಕೋಪೊಂದರ ಬೆಲೆಗಿಂತ ಕಡಿಮೆ. ಇಂದಿಗೆ 620 ಪೆಲೆಟ್ ಆಗಿದೆ, ಅಲುಗಿಸಿದರೆ ಸದ್ದಿಲ್ಲ. ಉಗುರುಬಣ್ಣದ ಚುಕ್ಕೆಗಳಲ್ಲಿ ಒಂದು ಬಿರುಕು ಬಿಟ್ಟಿದೆ, ಇನ್ನೊಂದು ಹಾಗೇ ಇದೆ. ನೈಟ್ರೋಜನ್ ಹೋದ ಸ್ಕೋಪು ಮಳೆಗಾಲಕ್ಕೆ ಹೇಗೆ ತಡೆಯುತ್ತದೆ ಎನ್ನುವುದು ಬಾಕಿ ಇದೆ. ನಾಲೆಯಲ್ಲಿ ನೀರು ಬಿಟ್ಟ ಮೇಲೆ ನಮ್ಮಲ್ಲಿ ಬೆಳಗಿನ ಹೊತ್ತು ಕಿಟಕಿಯ ಗಾಜೇ ಬೆವರುತ್ತದೆ. ಸದ್ಯಕ್ಕೆ ಅದು ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಮಲಗಿದೆ, ಅಕ್ಕಿ ಡಬ್ಬಿಯಲ್ಲಲ್ಲ.